ಪಂಡಿತ ಮಲ್ಲಿಕಾರ್ಜುನ ಮನ್ಸೂರರಿಗೆ ದೊರೆತ ಮನ್ನಣೆ

ಉತ್ತರ ಭಾರತದಲ್ಲಿ ಹುಟ್ಟಿ ಬೆಳೆದ ಹಿಂದೂಸ್ತಾನಿ ಸಂಗೀತವು ಕನ್ನಡದ ನೆಲಕ್ಕೆ ಇಳಿದು ಬಂದು, ಇಲ್ಲಿಯ ಕಪ್ಪು ಮಣ್ಣಿನಲ್ಲಿ ಬೇರುಬಿಟ್ಟು, ಮರಳಿ ಉತ್ತರದವರೇ ಬೆರಗಾಗುವಂಥ ಫಲವನ್ನು ಕೊಟ್ಟ ಸಂಗತಿ ನಮ್ಮ ನಾಡಿನ ಸಾಂಸ್ಕೃತಿಕ ಇತಿಹಾಸದ ಒಂದು ದೊಡ್ಡ ಅಧ್ಯಾಯ. ಕುಂದಗೋಳದ ಸವಾಯಿ ಗಂಧರ್ವರು, ಗದುಗಿನ ಗಾನಯೋಗಿ ಪಂಚಾಕ್ಷರಿ ಗವಾಯಿಗಳು, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ, ಹೀಗೆ ಆ ಅಧ್ಯಾಯದ ಹೆಸರುಗಳನ್ನು ಬಲ್ಲವರು ಸಲೀಸಾಗಿ ಹೇಳುತ್ತಾರೆ. ಅವರ ಸಾಲಿನಲ್ಲಿ ಪಂಡಿತ ಮಲ್ಲಿಕಾರ್ಜುನ ಮನ್ಸೂರರ ಬಾಳು ಒಂದು ವಿಷಯದಲ್ಲಿ ಉಳಿದವರಿಗಿಂತ ಬೇರೆಯಾಗಿದೆ. ಅವರಿಗೆ ಜನಮನ್ನಣೆ ಎರಡು ಸಲ ದೊರೆಯಿತು. ಮೊದಲನೆಯದು ಎಳೆಯ ವಯಸ್ಸಿನಲ್ಲಿ, ಸುಲಭವಾಗಿ ಬಂದಿತು. ಅದನ್ನು ಅವರು ತಾವಾಗಿಯೇ ಬದಿಗಿರಿಸಿದರು. ಎರಡನೆಯದು ಅರವತ್ತರ ಅಂಚಿನಲ್ಲಿ ಬಂದಿತು. ಇವೆರಡರ ನಡುವೆ ಮೂರು ದಶಕಗಳಿಗೂ ಮಿಕ್ಕಿದ ಕಾಲ ಸರಿದುಹೋಗಿತ್ತು. ಆ ಮೂರು ದಶಕಗಳಲ್ಲಿ ಅವರು ಏನು ಮಾಡುತ್ತಿದ್ದರು, ಏನನ್ನು ಬಿಟ್ಟುಕೊಡದೆ ಉಳಿಸಿಕೊಂಡರು ಎಂಬುದೇ ಅವರ ಚರಿತ್ರೆಯ ತಿರುಳು.

ಮಲ್ಲಿಕಾರ್ಜುನರು 1910ರ ಡಿಸೆಂಬರ 31ರಂದು ಧಾರವಾಡಕ್ಕೆ ಸಮೀಪದ ಮನ್ಸೂರ ಗ್ರಾಮದಲ್ಲಿ ಹುಟ್ಟಿದರು. ತಂದೆ ಭೀಮರಾಯಪ್ಪನವರು ಊರಿನ ಗೌಡಕಿಯ ಮನೆತನದವರು, ಒಕ್ಕಲುತನ ಮಾಡಿಕೊಂಡಿದ್ದವರು. ತಾಯಿ ನೀಲಮ್ಮನವರು. ಹಲವು ಮಕ್ಕಳಿದ್ದ ತುಂಬಿದ ಮನೆ. ಹೊಲಮನೆಗಳ ಕೆಲಸದ ನಡುವೆಯೂ ಆ ಮನೆಯಲ್ಲಿ ಹಾಡು ಮತ್ತು ಆಟಗಳ ಗೀಳು ಇತ್ತು. ಅಣ್ಣ ಬಸವರಾಜ ಮನ್ಸೂರರು ನಾಟಕದ ಹುಚ್ಚು ಹಿಡಿಸಿಕೊಂಡು ರಂಗಭೂಮಿಗೆ ಹೋದರು. ಮುಂದೆ ಆ ಕ್ಷೇತ್ರದಲ್ಲಿ ಒಳ್ಳೆಯ ಹೆಸರನ್ನೂ ಗಳಿಸಿದರು. ತಮ್ಮನಿಗೆ ಶಾಲೆಯ ಓದು ಹೆಚ್ಚು ಹತ್ತಲಿಲ್ಲ. ಒಂಬತ್ತರ ವಯಸ್ಸಿನಲ್ಲಿಯೇ ಆತನೂ ಅಣ್ಣನ ಬೆನ್ನು ಹತ್ತಿ ಬಣ್ಣ ಹಚ್ಚಿದನು.

ಅಂದಿನ ನಾಟಕ ಕಂಪನಿ ಎಂದರೆ ಕೇವಲ ವಿನೋದದ ತಾಣವಾಗಿರಲಿಲ್ಲ. ಬಳ್ಳಾರಿ, ಸಿರುಗುಪ್ಪ, ತೆಕ್ಕಲಕೋಟೆಗಳ ಕಡೆಯ ಹಿರಿಯ ತಲೆಮಾರಿನವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಾತ್ರೆ ಮುಗಿಯುವವರೆಗೆ ಬೀಡುಬಿಟ್ಟು, ರಾತ್ರಿಯಿಡೀ ಆಡಿ, ಬೆಳಗಿನ ಜಾವಕ್ಕೆ ಮಂಗಳ ಹಾಡುತ್ತಿದ್ದ ಆ ಮಂಡಳಿಗಳು ಹಾಡುಗಾರರ ಪಾಠಶಾಲೆಗಳೂ ಆಗಿದ್ದವು. ಧ್ವನಿವರ್ಧಕವಿಲ್ಲದ ದಿನಗಳವು. ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಹಾಡು ಮುಟ್ಟಬೇಕಾಗಿತ್ತು. ಜನಕ್ಕೆ ಹಿಡಿಸಿದರೆ ಮತ್ತೊಮ್ಮೆ ಹಾಡೆಂದು ಕೂಗುವರು. ಹಿಡಿಸದಿದ್ದರೆ ಎದ್ದು ಹೋಗುವರು. ಬಾಲಕ ಮಲ್ಲಿಕಾರ್ಜುನನ ಕಂಠಕ್ಕೆ ಜನ ಒಲಿದರು. ಈ ಅವಧಿಯಲ್ಲಿ ಅಪ್ಪಯ್ಯಸ್ವಾಮಿಗಳೆಂಬ ವಿದ್ವಾಂಸರಿಂದ ಕರ್ನಾಟಕ ಪದ್ಧತಿಯ ಪ್ರಾರಂಭಿಕ ಪಾಠಗಳೂ ಆದವು. ಲಯದ ವಿಷಯದಲ್ಲಿ ಮುಂದೆ ಅವರು ತೋರಿದ ಖಚಿತತೆಗೆ ಈ ಅಡಿಪಾಯವೂ ನೆರವಾಗಿರಬೇಕು.

ನಾಟಕದಲ್ಲಿ ಹಾಡುತ್ತಿದ್ದ ಈ ಹುಡುಗನ ದನಿಯನ್ನು ಒಮ್ಮೆ ನೀಲಕಂಠಬುವಾ ಆಲೂರಮಠ ಅವರು ಕೇಳಿದರು. ನೀಲಕಂಠಬುವಾ ಮೀರಜಿನಲ್ಲಿ ನೆಲೆಸಿದ್ದ ಗ್ವಾಲಿಯರ ಘರಾಣೆಯ ಗವಾಯಿಗಳು. ಮಹಾರಾಷ್ಟ್ರಕ್ಕೆ ಖಯಾಲ ಗಾಯನವನ್ನು ತಂದವರಲ್ಲಿ ಮುಖ್ಯರಾದ ಬಾಳಕೃಷ್ಣಬುವಾ ಇಚಲಕರಂಜೀಕರರ ಶಿಷ್ಯರು. ಪಂಚಾಕ್ಷರಿ ಗವಾಯಿಗಳಿಗೂ ಹಿಂದೂಸ್ತಾನಿ ಪದ್ಧತಿಯನ್ನು ಕಲಿಸಿದವರು ಇವರೇ. ಹುಡುಗನ ಕಂಠಕ್ಕೆ ಮನಸೋತ ಅವರು ಅವನನ್ನು ತಮ್ಮೊಡನೆ ಮೀರಜಿಗೆ ಕರೆದೊಯ್ದರು. ಅಲ್ಲಿ ಸುಮಾರು ಆರು ವರ್ಷಗಳ ತಾಲೀಮು ನಡೆಯಿತು. ಗ್ವಾಲಿಯರ ಪದ್ಧತಿಯ ಶಿಕ್ಷಣವು ರಾಗದ ನೇರವಾದ ನಡಿಗೆಯನ್ನು, ಚೀಜಿನ ಸ್ಪಷ್ಟವಾದ ಉಚ್ಚಾರವನ್ನು, ಸಪಾಟಾದ ತಾನುಗಳನ್ನು ಕೈಗೂಡಿಸಿಕೊಡುವಂಥದು. ಗುರುಗೃಹದಲ್ಲಿ ಸೇವೆ ಮಾಡುತ್ತ, ಗುರು ಹಾಡುವಾಗ ಹಿಂದೆ ಕುಳಿತು ತಂಬೂರಿ ಮೀಟುತ್ತ, ಕೇಳಿ ಕೇಳಿ ಕಲಿಯುವ ಹಳೆಯ ಕ್ರಮ. ಹದಿಹರೆಯ ಮುಗಿಯುವ ಹೊತ್ತಿಗೆ ಮಲ್ಲಿಕಾರ್ಜುನರು ಸ್ವತಂತ್ರವಾಗಿ ಕಛೇರಿ ಮಾಡುವ ಮಟ್ಟಕ್ಕೆ ಬಂದಿದ್ದರು.

ಅದೇ ಕಾಲಕ್ಕೆ ಗ್ರಾಮಾಫೋನು ನಮ್ಮ ಊರುಗಳನ್ನು ಪ್ರವೇಶಿಸಿತು. ಚಹದ ಅಂಗಡಿಗಳಲ್ಲಿ, ಸಾಹುಕಾರರ ಪಡಸಾಲೆಗಳಲ್ಲಿ ತುತ್ತೂರಿಯಂಥ ಬಾಯಿಯ ಪೆಟ್ಟಿಗೆ ಬಂದು ಕುಳಿತಿತು. 1930ರ ದಶಕದ ಆರಂಭದಲ್ಲಿ ಎಚ್.ಎಂ.ವಿ. ಕಂಪನಿಯವರು ಮನ್ಸೂರರ ಹಾಡುಗಳನ್ನು ಮುದ್ರಿಸಿಕೊಂಡರು. ಗೌಡ ಮಲ್ಹಾರ ಮತ್ತು ಅಡಾಣಾ ರಾಗಗಳ ರೆಕಾರ್ಡು ಬಹಳ ಹೆಸರಾಯಿತು. ಕನ್ನಡದ ಪದಗಳೂ ಮುದ್ರಣಗೊಂಡವು. ಕೆಲಕಾಲ ಅವರು ಆ ಕಂಪನಿಯ ಸಂಗೀತ ನಿರ್ದೇಶಕರಾಗಿಯೂ ಕೆಲಸ ಮಾಡಿದರು. ಇಪ್ಪತ್ತೈದು ತುಂಬುವ ಮೊದಲೇ ಹೀಗೆ ರಂಗದ ಕೀರ್ತಿ, ರೆಕಾರ್ಡಿನ ಕೀರ್ತಿ ಎರಡೂ ಕೈಗೆ ಬಂದಿದ್ದವು. ಒಂದು ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಗಳಿಗಿಂತ ಹೆಚ್ಚು ಹಾಡಲು ಎಡೆಯಿರಲಿಲ್ಲ. ಆ ಮೂರು ನಿಮಿಷಗಳಲ್ಲಿ ಚೀಜು, ಒಂದೆರಡು ಆಲಾಪ, ನಾಲ್ಕು ಮಿಂಚಿನ ತಾನುಗಳು ಮುಗಿದುಹೋಗಬೇಕು. ಮನ್ಸೂರರಿಗೆ ಅದು ಸಿದ್ಧಿಸಿತ್ತು. ಅದನ್ನೇ ಮಾಡುತ್ತ ಬಾಳಿದ್ದರೆ ಅವರಿಗೆ ಹಣಕ್ಕಾಗಲಿ ಹೆಸರಿಗಾಗಲಿ ಕೊರತೆ ಬೀಳುತ್ತಿರಲಿಲ್ಲ.

ಆದರೆ ತಾವು ಕಲಿತದ್ದು ಸಾಲದೆಂಬ ಅರಿವು ಅವರನ್ನು ಕಾಡತೊಡಗಿತು. ಆಗ ಮುಂಬಯಿಯಲ್ಲಿ ನೆಲೆಸಿದ್ದ ಉಸ್ತಾದ ಅಲ್ಲಾದಿಯಾ ಖಾನರು ಜಯಪುರ-ಅತ್ರೌಲಿ ಘರಾಣೆಯ ಮೂಲಪುರುಷರು. ಕೊಲ್ಲಾಪುರದ ಶಾಹೂ ಮಹಾರಾಜರ ಆಸ್ಥಾನದಲ್ಲಿ ಬಹುಕಾಲ ಇದ್ದವರು. ಕೇಸರಬಾಯಿ ಕೇರಕರ, ಮೋಗುಬಾಯಿ ಕುರ್ಡೀಕರರಂಥ ಮಹಾಗಾಯಕಿಯರಿಗೆ ಗುರುಗಳು. ಅವರ ಗಾಯನವು ಪಂಡಿತರಿಗೂ ಸವಾಲಿನದೆಂದು ಪ್ರಸಿದ್ಧವಾಗಿತ್ತು. ಮನ್ಸೂರರು ಅವರ ಬಾಗಿಲಿಗೆ ಹೋದರು. ವೃದ್ಧರಾಗಿದ್ದ ಖಾನಸಾಹೇಬರು ಈ ತರುಣನನ್ನು ತಮ್ಮ ಮಗ ಮಂಜಿ ಖಾನರಿಗೆ ಒಪ್ಪಿಸಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನಾಡಿನ ಬೀದಿಬೀದಿಗಳಲ್ಲಿ ಯಾರ ರೆಕಾರ್ಡು ಕೇಳಿಬರುತ್ತಿತ್ತೋ ಆತನೇ ಮತ್ತೆ ಸ್ಲೇಟು ಹಿಡಿದ ವಿದ್ಯಾರ್ಥಿಯಂತೆ ಕುಳಿತನು. ಹೊಸದನ್ನು ಕಲಿಯುವುದಕ್ಕಿಂತ ಕಲಿತದ್ದನ್ನು ಮರೆಯುವುದು ಕಷ್ಟ. ಆರು ವರ್ಷಗಳ ಕಾಲ ಕಂಠದಲ್ಲಿ ಹೂತುಹೋಗಿದ್ದ ನೇರವಾದ ತಾನುಗಳ ಜಾಡನ್ನು ತಪ್ಪಿಸಿ, ವಕ್ರವಾದ, ಸುತ್ತಿ ಬಳಸಿ ನಡೆಯುವ ಜಯಪುರದ ದಾರಿಯನ್ನು ಹಿಡಿಸಬೇಕಾಗಿತ್ತು. ಜನ ಮೆಚ್ಚಿದ್ದ ಹಾಡಿಕೆಯನ್ನು ತಾನೇ ಕೈಯಾರೆ ಕೆಡವಿ ಕಟ್ಟಬೇಕಾಗಿತ್ತು. ಮಂಜಿ ಖಾನರ ಶಿಕ್ಷಣವು ಮನ್ಸೂರರ ಕಣ್ಣು ತೆರೆಸಿತು. ಆದರೆ ಒಂದೂವರೆ ವರ್ಷ ಕಳೆಯುವಷ್ಟರಲ್ಲಿ, 1937ರಲ್ಲಿ, ಮಂಜಿ ಖಾನರು ತೀರಿಕೊಂಡರು. ಹಸಿವು ಹೆಚ್ಚಾದ ಹೊತ್ತಿನಲ್ಲಿಯೇ ಎಲೆಯನ್ನು ಎಳೆದುಕೊಂಡಂತೆ ಆಯಿತು.

ಅಲ್ಲಿಗೆ ಅವರು ಬಿಡಲಿಲ್ಲ. ಅಲ್ಲಾದಿಯಾ ಖಾನರ ಇನ್ನೊಬ್ಬ ಮಗ ಭೂರ್ಜಿ ಖಾನರು ಕೊಲ್ಲಾಪುರದಲ್ಲಿದ್ದರು. ಮನ್ಸೂರರು ಅವರ ಶಿಷ್ಯರಾದರು. ಭೂರ್ಜಿ ಖಾನರು ಸ್ವತಃ ದೊಡ್ಡ ಕಛೇರಿಗಾರರೆಂದು ಹೆಸರಾದವರಲ್ಲ. ಆದರೆ ಘರಾಣೆಯ ಅಪರೂಪದ ರಾಗಗಳ ಭಂಡಾರ ಅವರಲ್ಲಿತ್ತು. ಕೈಬಿಚ್ಚಿ ಕೊಡುವ ಮನಸ್ಸೂ ಇತ್ತು. 1946ರಲ್ಲಿ ಅಲ್ಲಾದಿಯಾ ಖಾನರೂ, 1950ರಲ್ಲಿ ಭೂರ್ಜಿ ಖಾನರೂ ಗತಿಸಿದರು. ಆ ಹೊತ್ತಿಗೆ ಮನ್ಸೂರರಿಗೆ ಮೂವತ್ತೊಂಬತ್ತು ವರ್ಷ ತುಂಬಿತ್ತು. ಲಿಂಗಾಯತ ಗೌಡರ ಮನೆಯ ಹುಡುಗನಿಗೆ ಜಂಗಮರೊಬ್ಬರು ಸಂಗೀತದ ಮೊದಲ ದೀಕ್ಷೆ ಕೊಟ್ಟರು; ಮುಸಲ್ಮಾನ ಉಸ್ತಾದರ ಮನೆಯವರು ತಮ್ಮ ಪೀಳಿಗೆಯ ಗುಪ್ತಧನವನ್ನು ಬಿಚ್ಚಿ ಧಾರೆಯೆರೆದರು. ಈ ಗುರುಗಳ ಹೆಸರನ್ನೆತ್ತಿದಾಗಲೆಲ್ಲ ಮನ್ಸೂರರು ಕೊನೆಯವರೆಗೂ ಭಕ್ತಿಯಿಂದ ತಲೆಬಾಗುತ್ತಿದ್ದರು.

ಜಯಪುರ ಗಾಯಕಿಯ ಸ್ವರೂಪವನ್ನು ಸಂಗೀತದ ಪರಿಭಾಷೆ ತಿಳಿಯದವರಿಗೂ ಸ್ಥೂಲವಾಗಿ ಹೇಳಬಹುದು. ಬೇರೆ ಹಲವು ಘರಾಣೆಗಳಲ್ಲಿ ಗಾಯಕನು ಮೊದಲು ಬಹುಕಾಲ ಮೆಲ್ಲಗೆ ಸ್ವರಗಳನ್ನು ಬೆಳೆಸುತ್ತ ಹೋಗುತ್ತಾನೆ. ವೇಗವೂ ಚಮತ್ಕಾರವೂ ಕಡೆಯಲ್ಲಿ ಬರುತ್ತವೆ. ಜಯಪುರದವರು ಹಾಗಲ್ಲ. ಅವರು ಚೀಜನ್ನು ಹದವಾದ ಮಧ್ಯಲಯದಲ್ಲಿ ಎತ್ತಿಕೊಂಡು, ತಬಲೆಯ ಒಂದೊಂದು ಮಾತ್ರೆಯ ಜೊತೆಗೂ ಸ್ವರವನ್ನು ಹೆಣೆಯುತ್ತ, ಒಂದು ಆವರ್ತನ ಮುಗಿದು ಸಮ್ಮಿಗೆ ಬರುವುದರೊಳಗೆ ಒಂದು ಪೂರ್ಣವಾದ ವಿಚಾರವನ್ನು ಮಂಡಿಸಿಬಿಡುತ್ತಾರೆ. ಕೇಳುವವನು ಕ್ಷಣ ಮೈಮರೆತರೆ ಎಳೆ ತಪ್ಪಿಹೋಗುತ್ತದೆ. ಅದರ ಮೇಲೆ ಈ ಘರಾಣೆಗೆ ಎರಡು ರಾಗಗಳನ್ನು ಬೆಸೆದು ಮಾಡಿದ ಜೋಡುರಾಗಗಳ ಮೇಲೆ, ಹೆಚ್ಚು ಜನ ಹಾಡದ ಅಪ್ರಚಲಿತ ರಾಗಗಳ ಮೇಲೆ ವಿಶೇಷ ಪ್ರೀತಿ. ಶುದ್ಧ ನಟ, ಖಟ, ಶಿವಮತ ಭೈರವ, ಕಬೀರಿ ಭೈರವ, ಲಚ್ಛಾಸಾಖ, ಬಿಹಾರಿ, ಬಸಂತಿ ಕೇದಾರ, ಸಂಪೂರ್ಣ ಮಾಲಕಂಸ, ಏಕ ನಿಷಾದ ಬಿಹಾಗಡಾ ಮುಂತಾದ ಹೆಸರುಗಳನ್ನು ಅಂದು ಎಷ್ಟೋ ಜನ ಗಾಯಕರೇ ಕೇಳಿರಲಿಲ್ಲ. ಮನ್ಸೂರರು ಇವುಗಳನ್ನು ಒಗಟಿನಂತೆ ಪ್ರದರ್ಶನಕ್ಕಿಡಲಿಲ್ಲ. ಒಕ್ಕಲಿಗನು ತನ್ನ ಹೊಲದ ಅಂಚನ್ನು ಕತ್ತಲಲ್ಲಿಯೂ ತಿಳಿಯುವಂತೆ ಆ ರಾಗಗಳ ಮೇರೆಗಳನ್ನು ಅವರು ಬಲ್ಲವರಾಗಿದ್ದರು. ತಂಬೂರಿಯ ಶ್ರುತಿ ಕೂಡಿದೊಡನೆ ಪೀಠಿಕೆಯಿಲ್ಲದೆ ರಾಗದ ನಡುಮನೆಗೇ ನುಗ್ಗುವರು. ಕೈ ಮೇಲೇಳುವುದು, ಹಣೆಯ ವಿಭೂತಿ ಬೆವರಿನಲ್ಲಿ ತೊಯ್ಯುವುದು, ಸಮ್ಮಿಗೆ ಬಂದು ಬಿದ್ದಾಗ ಮಗುವಿನ ನಗೆಯೊಂದು ಮುಖದ ಮೇಲೆ ಹರಿಯುವುದು.

ಇಂಥ ಹಾಡಿಕೆಗೆ ದೊಡ್ಡ ಸಭೆಗಳು ತಕ್ಷಣ ಒಲಿಯಲಿಲ್ಲವೆಂದರೆ ಆಶ್ಚರ್ಯವೇನಿಲ್ಲ. 1940 ಹಾಗೂ 1950ರ ದಶಕಗಳಲ್ಲಿ ಮನ್ಸೂರರು ಬಲ್ಲವರ ವಲಯದಲ್ಲಿ ಮಾನ್ಯರು. ಆದರೆ ಆಮಂತ್ರಣಗಳ ಪಟ್ಟಿಯಲ್ಲಿ ಮೇಲಿನ ಹೆಸರಲ್ಲ. ಮುಂಬಯಿ, ಪುಣೆಗಳಲ್ಲಿ ಮನೆ ಮಾಡಿಕೊಂಡವರಿಗೆ ಇದ್ದ ಅನುಕೂಲವು ಧಾರವಾಡದಲ್ಲಿ ಕುಳಿತವರಿಗೆ ಇರಲಿಲ್ಲ. ಪತ್ನಿ ಗಂಗಮ್ಮನವರು, ಏಳು ಜನ ಹೆಣ್ಣುಮಕ್ಕಳು, ಒಬ್ಬನೇ ಮಗ ರಾಜಶೇಖರ, ಇಷ್ಟು ದೊಡ್ಡ ಸಂಸಾರವನ್ನು ನಡೆಸಬೇಕಾದ ಹೊಣೆ ಬೇರೆ. ಕೆಲವು ಜನಪ್ರಿಯ ರಾಗಗಳನ್ನು ಆರಿಸಿಕೊಂಡು, ಕೊನೆಗೊಂದು ಠುಮರಿಯನ್ನೋ ನಾಟ್ಯಗೀತವನ್ನೋ ಸೇರಿಸಿ, ಸಭೆಯನ್ನು ಗೆದ್ದುಕೊಂಡು ಬರುವ ಹಾದಿ ಅವರಿಗೆ ತಿಳಿಯದ್ದೇನೂ ಆಗಿರಲಿಲ್ಲ. ರಂಗಭೂಮಿಯಲ್ಲಿ ಬೆಳೆದವರಿಗೆ ಅದನ್ನು ಯಾರು ಕಲಿಸಬೇಕು? ಅವರು ಆ ಹಾದಿ ಹಿಡಿಯಲಿಲ್ಲ.

ಈ ವರ್ಷಗಳಲ್ಲಿ ಅವರಿಗೆ ಆಸರೆಯಾದದ್ದು ಧಾರವಾಡದ ಮುರುಘಾಮಠ. ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯವನ್ನು ನಡೆಸಿ ಉತ್ತರ ಕರ್ನಾಟಕದ ಎರಡು ಮೂರು ತಲೆಮಾರುಗಳಿಗೆ ವಿದ್ಯೆಯ ದಾರಿ ತೆರೆದ ಶ್ರೀ ಮೃತ್ಯುಂಜಯ ಅಪ್ಪಗಳಲ್ಲಿ ಮನ್ಸೂರರಿಗೆ ಅಚಲವಾದ ಶ್ರದ್ಧೆಯಿತ್ತು. ಅವರ ಸನ್ನಿಧಿಯಲ್ಲಿ ಹಾಡುವುದನ್ನು ಕಛೇರಿಯೆಂದು ಅವರು ಎಣಿಸಲಿಲ್ಲ, ಸೇವೆಯೆಂದು ಎಣಿಸಿದರು. ತಮ್ಮ ಮನೆಗೂ ಮೃತ್ಯುಂಜಯ ಎಂಬ ಹೆಸರನ್ನೇ ಇಟ್ಟರು. ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರ ವಚನಗಳಿಗೆ ರಾಗ ಕೂಡಿಸಿ ಹಾಡುವ ಕೆಲಸವೂ ಈ ಶ್ರದ್ಧೆಯ ಮುಂದುವರಿಕೆಯೇ ಆಗಿತ್ತು. ವಚನವು ಛಂದಸ್ಸಿಗೆ ಕಟ್ಟುಬಿದ್ದ ಪದ್ಯವಲ್ಲ. ತಾಳದ ಚೌಕಟ್ಟಿಗೆ ಕೂಡಿಸಲು ಹೋದರೆ ಅರ್ಥವಾದರೂ ಮುರಿಯುತ್ತದೆ, ಇಲ್ಲವೆ ಲಯವಾದರೂ ಕುಂಟುತ್ತದೆ. ಮನ್ಸೂರರು ಶಬ್ದದ ತೂಕ ಎಲ್ಲಿ ಬೀಳುತ್ತದೆಂಬುದನ್ನು ಮೊದಲು ನೋಡಿ, ಅನಂತರ ಸ್ವರವನ್ನು ಇಡುತ್ತಿದ್ದರು. ಅಕ್ಕನ ವಚನಗಳನ್ನು ಅವರ ಬಾಯಿಂದ ಕೇಳಿದವರಿಗೆ ಅವು ಹಾಡಲೆಂದೇ ಹುಟ್ಟಿದವೇನೋ ಎಂಬಂತೆ ತೋರಿದರೆ ಅದಕ್ಕೆ ಕಾರಣ ಈ ಎಚ್ಚರ. ತುಂಗಭದ್ರೆಯ ಆಚೆಗಿನ ರಾಯಚೂರು ಸೀಮೆಯಲ್ಲಿ ಸಿದ್ಧರಾಮ ಜಂಬಲದಿನ್ನಿಯವರು ಇದೇ ವಚನಗಾಯನವನ್ನು ತಮ್ಮದೇ ಬಗೆಯಲ್ಲಿ ಬೆಳೆಸಿದರು. ಅವರು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ಖಯಾಲದ ಗಂಧ ತಿಳಿಯದ ಮನೆಗಳಲ್ಲಿಯೂ ಮನ್ಸೂರರ ಹೆಸರು ಉಳಿದಿದ್ದರೆ ಅದು ವಚನಗಳ ದೆಸೆಯಿಂದ ಎನ್ನಬೇಕು.

ಕಲಾವಿದನೊಬ್ಬನು ದೊಡ್ಡವನೆಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಗೆ ಒಂದೊಂದು ದೇಶ ಒಂದೊಂದು ರೀತಿ ಉತ್ತರ ಕೊಟ್ಟಿದೆ. ಅಮೆರಿಕದಲ್ಲಿ ಕಪ್ಪು ಜನಾಂಗದವರ ನಡುವೆ ಹುಟ್ಟಿದ ಜಾಝ್ ಎಂಬ ಸಂಗೀತವಿದೆ. ನಮ್ಮ ಖಯಾಲದಂತೆ ಅಲ್ಲಿಯೂ ಕಲಾವಿದನು ಒಂದು ಸಿದ್ಧ ರಾಗಬಂಧವನ್ನು ಎತ್ತಿಕೊಂಡು ಆ ಕ್ಷಣದಲ್ಲಿಯೇ ಅದನ್ನು ಬೆಳೆಸುತ್ತಾನೆ. ಆ ಸಂಗೀತಕ್ಕೆ ಮೀಸಲಾದ ಡೌನ್‌ಬೀಟ್ ಎಂಬ ಪತ್ರಿಕೆಯು 1936ರಿಂದ ತನ್ನ ಓದುಗರ ಮತವನ್ನು ಸಂಗ್ರಹಿಸಿ, ಯಾವ ವಾದ್ಯದಲ್ಲಿ ಯಾರು ಶ್ರೇಷ್ಠರೆಂದು ಪ್ರಕಟಿಸುತ್ತ ಬಂದಿತು. 1953ರಿಂದ ವಿಮರ್ಶಕರ ಮತವನ್ನೂ ಬೇರೆಯಾಗಿ ತೆಗೆದುಕೊಳ್ಳತೊಡಗಿತು. ಪಿಯಾನೊ ವಾದಕರಲ್ಲಿ ಕೆನಡಾದ ಆಸ್ಕರ್ ಪೀಟರ್ಸನ್ ಅವರನ್ನು 1950ರಿಂದ ಓದುಗರು ಹಲವು ಸಲ ಆರಿಸಿದರು. ಮಿಂಚಿನಂಥ ಬೆರಳುಗಳು, ಕೇಳಿದೊಡನೆ ಮನ ಸೆಳೆಯುವ ನುಡಿಸಾಣಿಕೆ. ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಥೆಲೋನಿಯಸ್ ಮಾಂಕ್ ಎಂಬ ಇನ್ನೊಬ್ಬ ಪಿಯಾನೊ ವಾದಕರು ಇದ್ದರು. ಅವರ ಸ್ವರಗಳು ಅನಿರೀಕ್ಷಿತವಾಗಿ ತಿರುಗುವಂಥವು, ನಡುವೆ ಮೌನಗಳು, ಮೊದಲ ಸಲ ಕೇಳುವವರಿಗೆ ತಪ್ಪೇ ನುಡಿಸಿದರೇನೋ ಎನ್ನಿಸುವಂಥ ಮೇಳಗಳು. ಬಹಳ ವರ್ಷ ಅವರನ್ನು ಕೇಳುವವರು ವಿರಳರಾಗಿದ್ದರು. 1951ರಿಂದ ಆರು ವರ್ಷ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸುವ ಪರವಾನಗಿಯೂ ಅವರಿಗೆ ಇರಲಿಲ್ಲ. 1957ರಲ್ಲಿ ಅದು ಮರಳಿ ದೊರೆತ ಮೇಲೆ, 1958ರಲ್ಲಿ ಅದೇ ಪತ್ರಿಕೆಯ ವಿಮರ್ಶಕರು ಅವರನ್ನು ಮೊದಲ ಸ್ಥಾನದಲ್ಲಿ ನಿಲ್ಲಿಸಿದರು. ತಮ್ಮ ಸ್ವರವನ್ನು ಬದಲಾಯಿಸದೆಯೇ ಅವರು ಅಲ್ಲಿಗೆ ತಲುಪಿದ್ದರು. ಬದಲಾದದ್ದು ಕೇಳುವವರ ಕಿವಿ.

ನಮ್ಮಲ್ಲಿ ಶಾಸ್ತ್ರೀಯ ಸಂಗೀತಕ್ಕೆ ಅಂಥ ಮತಪೆಟ್ಟಿಗೆ ಇರಲಿಲ್ಲ. ಚಿತ್ರಗೀತೆಗಳಿಗೆ ಮಾತ್ರ ಅಂಥದೊಂದು ಒದಗಿತು. 1952ರ ಕೊನೆಯಲ್ಲಿ ರೇಡಿಯೋ ಸಿಲೋನಿನಿಂದ ಆರಂಭವಾದ ಬಿನಾಕಾ ಗೀತಮಾಲೆಯು ರೆಕಾರ್ಡುಗಳ ಮಾರಾಟ ಹಾಗೂ ಕೇಳುಗರ ಬೇಡಿಕೆಗಳನ್ನು ನೋಡಿ ವಾರವಾರವೂ ಹಾಡುಗಳಿಗೆ ಸ್ಥಾನ ಹಂಚುತ್ತಿತ್ತು; ಅದನ್ನು ಕೇಳಲು ಜನ ಕೆಲಸ ಬಿಟ್ಟು ಕೂಡುತ್ತಿದ್ದರು. ಖಯಾಲ ಗಾಯಕನ ಸ್ಥಾನವನ್ನು ನಿರ್ಣಯಿಸುತ್ತಿದ್ದವರು ಬೇರೆ: ವಾಡೆಯ ಬೈಠಕ್ಕಿನಲ್ಲಿ ಮುಂದೆ ಕುಳಿತ ಇಪ್ಪತ್ತು ಮೂವತ್ತು ಜನ ರಸಿಕರು, ಸಮ್ಮೇಳನಗಳ ವ್ಯವಸ್ಥಾಪಕರು, ಆಕಾಶವಾಣಿಯ ಪರೀಕ್ಷಾ ಮಂಡಳಿಯವರು, ಎಲ್ಲಕ್ಕಿಂತ ಹೆಚ್ಚಾಗಿ ಇತರ ಗಾಯಕರು. ಈ ತೀರ್ಪು ಎಲ್ಲಿಯೂ ಅಚ್ಚಾಗುವುದಿಲ್ಲ. ಬಾಯಿಂದ ಬಾಯಿಗೆ ಹರಡಿ ಒಂದು ದಿನ ಎಲ್ಲರಿಗೂ ತಿಳಿದ ಸತ್ಯವಾಗಿಬಿಡುತ್ತದೆ. ಇದರಲ್ಲಿ ನಿಧಾನವಿದೆ, ಅನ್ಯಾಯವೂ ಇದೆ. ಎಷ್ಟೋ ಜನ ಅದು ಕೈಗೂಡುವ ಮೊದಲೇ ಕಣ್ಮುಚ್ಚಿದ್ದಾರೆ. ಮನ್ಸೂರರಿಗೆ ದೀರ್ಘವಾದ ಆಯುಷ್ಯವೂ ಮುಪ್ಪಡರದ ಕಂಠವೂ ಇದ್ದುದು ನಾಡಿನ ಪುಣ್ಯ.

ಕಾಲದ ಕೆಲವು ಮಾರ್ಪಾಡುಗಳೂ ಅವರಿಗೆ ಅನುಕೂಲವಾದವು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ಕೇಂದ್ರವು ಆರಂಭವಾಯಿತು. ಮನ್ಸೂರರು ಮುಂದೆ ಅದರ ಸಂಗೀತ ಸಲಹೆಗಾರರಾದರು. 1952ರಲ್ಲಿ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ ಮೊದಲಾಗಿ, ಒಬ್ಬನೇ ಕಲಾವಿದನು ದೀರ್ಘಕಾಲ ಹಾಡುವುದನ್ನು ದೇಶವೆಲ್ಲ ಒಮ್ಮೆಗೇ ಕೇಳುವಂತಾಯಿತು. ಮೂರು ನಿಮಿಷದ ತಟ್ಟೆ ಹಿಂದೆ ಸರಿದು, ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ಹಿಡಿಸುವ ಲಾಂಗ್ ಪ್ಲೇ ರೆಕಾರ್ಡು ಬಂದಿತು. ಜಯಪುರದ ಒಂದು ಅಪರೂಪ ರಾಗವನ್ನು ಅದರ ಸಹಜವಾದ ಅಳತೆಯಲ್ಲಿ ಮನೆಯಲ್ಲಿ ಕುಳಿತು ಹತ್ತು ಸಲ ಕೇಳುವುದು ಆಗ ಮೊದಲ ಬಾರಿಗೆ ಸಾಧ್ಯವಾಯಿತು. ಒಂದೇ ಸಲಕ್ಕೆ ಸಿಕ್ಕದ ಹಾಡಿಕೆಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆಯಿಲ್ಲ. ಯಂತ್ರವು ಕಲೆಯನ್ನು ಕೆಡಿಸುತ್ತದೆಂದು ಗೊಣಗುವವರು ಈ ಉದಾಹರಣೆಯನ್ನು ನೆನೆಯುವುದು ಒಳ್ಳೆಯದು. ಅತ್ತ ಕೇಸರಬಾಯಿಯವರು 1960ರ ದಶಕದಲ್ಲಿ ಕಛೇರಿಗಳಿಂದ ನಿವೃತ್ತರಾದರು. ಅಲ್ಲಾದಿಯಾ ಖಾನರ ಮನೆಯಲ್ಲಿಯೇ ಕಲಿತವರನ್ನು ರಸಿಕರು ಹುಡುಕತೊಡಗಿದಾಗ, ಆ ನಿಧಿಯನ್ನು ಧಾರವಾಡದಲ್ಲಿ ಒಬ್ಬರು ಪೂರ್ತಿಯಾಗಿ ಕಾಪಾಡಿಕೊಂಡು ಕುಳಿತಿರುವುದು ಅವರ ಕಣ್ಣಿಗೆ ಬಿದ್ದಿತು.

ಮೊದಲು ಓಗೊಟ್ಟವರು ಮಹಾರಾಷ್ಟ್ರದ ರಸಿಕರು. ಮರಾಠಿಯ ಹೆಸರಾಂತ ಲೇಖಕ ಪು. ಲ. ದೇಶಪಾಂಡೆಯವರಂಥ ಮರ್ಮಜ್ಞರು ಮನ್ಸೂರರ ಹಾಡಿಕೆಯ ಅಭಿಮಾನಿಗಳಾಗಿದ್ದರು. ಪುಣೆಯ ಸವಾಯಿ ಗಂಧರ್ವ ಮಹೋತ್ಸವದ ಅಪಾರ ಜನಸ್ತೋಮದ ಎದುರಿಗೂ ಅವರು ತಮ್ಮ ಅಪರೂಪದ ರಾಗಗಳನ್ನೇ ಹಾಡಿದರು. ಜನ ಅಲುಗದೆ ಕುಳಿತು ಕೇಳಿದರು. ನಾಟಕದ ತೇರಿನಂಥ ಜಂಗುಳಿಯಿಂದ ಬಾಲ್ಯದಲ್ಲಿ ದೊರೆತ ಮೆಚ್ಚುಗೆಯು ಹೀಗೆ ಇನ್ನೊಂದು ಬಗೆಯಲ್ಲಿ ಅವರಿಗೆ ಮರಳಿತು. ಭಾರತ ಸರ್ಕಾರವು 1970ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿದಾಗ ಅವರಿಗೆ ಐವತ್ತೊಂಬತ್ತು ವರ್ಷ. ಅಲ್ಲಿಂದ ಮುಂದೆ ಗೌರವಗಳು ಒಂದರ ಹಿಂದೊಂದು ಬಂದವು. 1971ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ, 1976ರಲ್ಲಿ ಪದ್ಮಭೂಷಣ, 1980ರ ದಶಕದ ಆರಂಭದಲ್ಲಿ ಮಧ್ಯಪ್ರದೇಶ ಸರ್ಕಾರದ ಕಾಳಿದಾಸ ಸಮ್ಮಾನ, 1982ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್. ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ನೀಡಿತು. ಹಳ್ಳಿಯ ಶಾಲೆಯ ಮೆಟ್ಟಿಲನ್ನು ಕೆಲವೇ ವರ್ಷ ತುಳಿದವರ ಹೆಸರಿನ ಹಿಂದೆ ಡಾಕ್ಟರ್ ಎಂಬುದು ಸೇರಿತು. ವಿದ್ಯಾಸಂಸ್ಥೆಗಳನ್ನು ನಡೆಸುವವರು ಇದರಿಂದ ಮನಸ್ಸಿಗೆ ಏನನ್ನಾದರೂ ತೆಗೆದುಕೊಳ್ಳಬಹುದು. ಶಾಲೆಗೆ ಹತ್ತದ ಹುಡುಗನ ಹಣೆಬರಹವನ್ನು ಬರೆಯಲು ಅವಸರ ಮಾಡದಿರುವುದು ಲೇಸು.

ಈ ಗೌರವಗಳೆಲ್ಲ ಬಂದ ಮೇಲೂ ಅವರ ದಿನಚರಿಯಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಆಗಲಿಲ್ಲ. ನಸುಕಿನಲ್ಲಿ ಏಳುವುದು, ಲಿಂಗಪೂಜೆ, ರಿಯಾಜು, ಬಂದವರೊಡನೆ ಹರಟೆ, ನಡುನಡುವೆ ಬೀಡಿ. ಧಾರವಾಡವನ್ನು ಬಿಟ್ಟು ಮಹಾನಗರಕ್ಕೆ ಹೋಗಲಿಲ್ಲ. ಮಗ ರಾಜಶೇಖರರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡೇ ತಂದೆಯ ಬಳಿ ಕಲಿತು, ಕಛೇರಿಗಳಲ್ಲಿ ಅವರ ಹಿಂದೆ ಕುಳಿತು ದನಿಗೂಡಿಸಿದರು. ಮಗಳು ನೀಲಾ ಕೊಡ್ಲಿಯವರೂ ಗಾಯಕಿಯಾದರು. ಮನ್ಸೂರರು ಕನ್ನಡದಲ್ಲಿ ತಮ್ಮ ಆತ್ಮಕಥೆಯನ್ನು ನನ್ನ ರಸಯಾತ್ರೆ ಎಂಬ ಹೆಸರಿನಲ್ಲಿ ಹೇಳಿದ್ದಾರೆ. ಸಣ್ಣ ಪುಸ್ತಕ, ಆದರೆ ಅದರಲ್ಲಿ ತಮ್ಮ ಗುರುಗಳಿಗೆ ಕೊಟ್ಟಷ್ಟು ಜಾಗವನ್ನು ತಮ್ಮ ಪ್ರಶಸ್ತಿಗಳಿಗೆ ಕೊಡದಿರುವುದು ಓದುಗರ ಗಮನಕ್ಕೆ ಬಾರದೆ ಇರದು. ಮುಂದೆ ರಾಜಶೇಖರರೇ ಅದನ್ನು ಇಂಗ್ಲಿಷಿಗೆ ಅನುವಾದಿಸಿದರು. 2005ರಲ್ಲಿ ಅದು ಪ್ರಕಟವಾಯಿತು.

ವಯಸ್ಸು ಎಪ್ಪತ್ತು ದಾಟಿದ ಮೇಲೆ ಸಾಮಾನ್ಯವಾಗಿ ಗಾಯಕರ ಉಸಿರು ಗಿಡ್ಡಾಗುತ್ತದೆ. ತಾರಸಪ್ತಕದಲ್ಲಿ ನಿಲ್ಲಲಾಗದೆ ಕೆಳಗಿಳಿಯಬೇಕಾಗುತ್ತದೆ. ಮನ್ಸೂರರ ಉತ್ತಮವಾದ ಧ್ವನಿಮುದ್ರಣಗಳಲ್ಲಿ ಬಹುಪಾಲು ಆ ವಯಸ್ಸಿನವೇ. ತಾರುಣ್ಯದ ರೆಕಾರ್ಡುಗಳಲ್ಲಿ ಇರುವ ಚುರುಕನ್ನೂ, ಮುಪ್ಪಿನ ಮುದ್ರಣಗಳಲ್ಲಿ ಇರುವ ತುಂಬುತನವನ್ನೂ ಒಂದರ ಪಕ್ಕಕ್ಕೊಂದು ಇಟ್ಟು ಕೇಳಿದರೆ, ನಡುವೆ ಅವರು ಏನನ್ನು ತೊರೆದರು, ಏನನ್ನು ಪಡೆದರು ಎಂಬುದು ಯಾವ ವ್ಯಾಖ್ಯಾನವೂ ಬೇಡದೆ ತಿಳಿಯುತ್ತದೆ.

1992ನೆಯ ವರ್ಷ ಕನ್ನಡದ ಸಂಗೀತಲೋಕಕ್ಕೆ ಕೆಟ್ಟ ವರ್ಷವಾಯಿತು. ಜನವರಿ 12ರಂದು ಕುಮಾರ ಗಂಧರ್ವರು ದೇವಾಸಿನಲ್ಲಿ ತೀರಿಕೊಂಡರು. ಅದೇ ವರ್ಷ ಮನ್ಸೂರರಿಗೆ ಪದ್ಮವಿಭೂಷಣ ಬಂದಿತು. ಆದರೆ ಅಷ್ಟರಲ್ಲಿ ಶ್ವಾಸಕೋಶದ ವ್ಯಾಧಿ ಅವರನ್ನು ಹಿಡಿದಿತ್ತು. ದೇಹ ಸೋಲುತ್ತಿದ್ದರೂ ಹಾಡು ನಿಲ್ಲಲಿಲ್ಲ. ಸೆಪ್ಟೆಂಬರ 12ರಂದು, ಎಂಬತ್ತೊಂದರ ವಯಸ್ಸಿನಲ್ಲಿ, ಧಾರವಾಡದಲ್ಲಿ ಅವರು ಲಿಂಗೈಕ್ಯರಾದರು.

ಅವರ ಬಾಳನ್ನು ಕುರಿತು ನಂದನ ಕುಢ್ಯಾಡಿಯವರು ನಿರ್ದೇಶಿಸಿದ ರಸಯಾತ್ರಾ ಎಂಬ ಚಿತ್ರವು 1994ರಲ್ಲಿ ಸಿದ್ಧವಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಧಾರವಾಡದಲ್ಲಿ ಅವರ ಹೆಸರಿನ ರಾಷ್ಟ್ರೀಯ ಸ್ಮಾರಕ ಟ್ರಸ್ಟು ಸ್ಥಾಪಿತವಾಯಿತು. ಅವರು ಬಾಳಿದ ಮೃತ್ಯುಂಜಯ ಮನೆಯು ಸ್ಮಾರಕವಾಯಿತು. 2014ರ ಸೆಪ್ಟೆಂಬರದಲ್ಲಿ ಭಾರತೀಯ ಅಂಚೆ ಇಲಾಖೆಯು ದೇಶದ ಎಂಟು ಜನ ಸಂಗೀತಗಾರರ ಅಂಚೆಚೀಟಿಗಳನ್ನು ಒಟ್ಟಿಗೆ ಹೊರತಂದಿತು. ರವಿಶಂಕರ, ವಿಲಾಯತ ಖಾನ, ಅಲಿ ಅಕಬರ ಖಾನ, ಡಿ. ಕೆ. ಪಟ್ಟಮ್ಮಾಳ್ ಇವರ ಜೊತೆಗೆ ಉಳಿದ ನಾಲ್ವರು ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ಲ, ಕುಮಾರ ಗಂಧರ್ವ ಮತ್ತು ಮಲ್ಲಿಕಾರ್ಜುನ ಮನ್ಸೂರ. ಎಂಟರಲ್ಲಿ ನಾಲ್ವರು ಕನ್ನಡ ನೆಲದವರು. ತಂದೆಯ ವಿದ್ಯೆಯನ್ನು ಮೂರು ದಶಕಗಳ ಕಾಲ ಶಿಷ್ಯರಿ‌ಗೆ ಹಂಚಿದ ರಾಜಶೇಖರ ಮನ್ಸೂರರು 2022ರ ಮೇ ತಿಂಗಳಲ್ಲಿ ತೀರಿಕೊಂಡರು.